ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್: ಗಿಟ್‌ಲ್ಯಾಬ್ 2017ರ ದತ್ತಾಂಶ ನಷ್ಟದ ಪ್ರಕರಣ ಅಧ್ಯಯನ

2017ರ ಜನವರಿ 31ರಂದು, ಯುಟಿಸಿ ಎಂಬ ಜಾಗತಿಕ ಕಾಲಮಾನದ ಪ್ರಕಾರ ಸಂಜೆ ಸುಮಾರು 5 ಗಂಟೆ 20 ನಿಮಿಷಕ್ಕೆ, ತಂತ್ರಾಂಶದ ಕೋಡ್ ಇಟ್ಟುಕೊಳ್ಳುವ ಸೇವೆ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಒಬ್ಬ ಎಂಜಿನಿಯರ್ ಮುಖ್ಯ ಡೇಟಾಬೇಸ್ ನಡೆಯುತ್ತಿದ್ದ ವರ್ಚುವಲ್ ಮಷೀನಿನ (ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರಿನ) ಡಿಸ್ಕಿನ ಸ್ನ್ಯಾಪ್‌ಶಾಟ್ ಒಂದನ್ನು, ಅಂದರೆ ಆ ಕ್ಷಣದಲ್ಲಿ ಡಿಸ್ಕ್ ಇದ್ದ ಸ್ಥಿತಿಯ ಸೆರೆಯನ್ನು, ತೆಗೆದರು. ಅದನ್ನು ಬ್ಯಾಕಪ್ ಆಗಲಿ ಎಂದು ತೆಗೆದಿರಲಿಲ್ಲ. ಡೇಟಾಬೇಸಿನ ಮೇಲಿನ ಹೊರೆಯನ್ನು ಹಂಚಲು ಪಿಜಿಪೂಲ್ ಎಂಬ ತಂತ್ರಾಂಶವನ್ನು ಪ್ರಯೋಗಿಸಿ ನೋಡಬೇಕಿತ್ತು. ಆ ಪ್ರಯೋಗ ನಡೆಯಬೇಕಿದ್ದ ಸ್ಟೇಜಿಂಗ್ ಸರ್ವರಿಗೆ ಹೊಸ ದತ್ತಾಂಶ ಬೇಕಿತ್ತು. ಪ್ರತಿದಿನ ತಾನಾಗಿಯೇ ನಡೆಯುವ ಸ್ನ್ಯಾಪ್‌ಶಾಟಿಗಾಗಿ ಕಾಯುವ ಬದಲು ಅವರು ಕೈಯಾರೆ ಒಂದನ್ನು ತೆಗೆದು ಸ್ಟೇಜಿಂಗಿಗೆ ತುಂಬಿದರು. ಸುಮಾರು ಆರು ಗಂಟೆಗಳ ನಂತರ ಮುಖ್ಯ ಡೇಟಾಬೇಸಿನ ಕಡತಗಳು ಅಳಿಸಿಹೋದಾಗ, ಇಡೀ ಸಂಸ್ಥೆಯ ಬಳಿ ಉಳಿದಿದ್ದ ಬಳಕೆಗೆ ಬರುವ ಪ್ರತಿಗಳಲ್ಲಿ ಅತ್ಯಂತ ಹೊಸದು ಅದೇ ಆಗಿತ್ತು.

ಕ್ಲೌಡ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವುದರ ಬಗ್ಗೆ ಕಲಿಯಬಯಸುವವರಿಗೆ ಈ ಪ್ರಕರಣಕ್ಕಿಂತ ಉಪಯುಕ್ತವಾದುದು ನನಗೆ ತಿಳಿದಂತೆ ಬೇರೊಂದಿಲ್ಲ. ಇಂಥ ಅವಘಡಗಳು ಅನೇಕ ಕಡೆ ಆಗುತ್ತವೆ, ಆದರೆ ಅವುಗಳ ವಿವರ ಸಂಸ್ಥೆಯ ಗೋಡೆಗಳನ್ನು ದಾಟಿ ಹೊರಬರುವುದು ಅಪರೂಪ. ಗಿಟ್‌ಲ್ಯಾಬ್ ಹಾಗೆ ಮಾಡಲಿಲ್ಲ. ದುರಸ್ತಿ ನಡೆಯುತ್ತಿರುವಾಗಲೇ ತನ್ನ ಟಿಪ್ಪಣಿಗಳನ್ನು ಎಲ್ಲರೂ ಓದುವಂತೆ ತೆರೆದಿಟ್ಟಿತು, ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ಫೆಬ್ರವರಿ 10ರಂದು ಪೂರ್ಣ ವರದಿಯನ್ನು ಪ್ರಕಟಿಸಿತು. ಹೀಗಾಗಿ ಯಾವ ಸ್ನ್ಯಾಪ್‌ಶಾಟ್ ಇತ್ತು, ಯಾವುದು ಇರಲಿಲ್ಲ, ಇದ್ದದ್ದು ಏಕೆ ತಡವಾಗಿ ಒದಗಿತು ಎಂಬುದನ್ನು ಹೊರಗಿನವರೂ ಗಂಟೆಗಂಟೆಯ ಲೆಕ್ಕದಲ್ಲಿ ಪರಿಶೀಲಿಸಬಹುದು.

ವ್ಯವಸ್ಥೆ ಹೇಗಿತ್ತು

ತಂತ್ರಾಂಶ ಬರೆಯುವವರು ತಮ್ಮ ಕೋಡನ್ನು ಇಟ್ಟುಕೊಳ್ಳಲು, ಅದರಲ್ಲಿನ ದೋಷಗಳನ್ನು ದಾಖಲಿಸಲು, ಬದಲಾವಣೆಗಳನ್ನು ಚರ್ಚಿಸಲು ಬಳಸುವ ಸೇವೆ ಗಿಟ್‌ಲ್ಯಾಬ್. 2017ರ ಆರಂಭದಲ್ಲಿ ಅದರ ಸಾರ್ವಜನಿಕ ತಾಣವು ಮೈಕ್ರೋಸಾಫ್ಟ್‌ನ ಅಝೂರ್ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ವರ್ಚುವಲ್ ಮಷೀನುಗಳ ಮೇಲೆ ನಡೆಯುತ್ತಿತ್ತು. ಅದರ ದತ್ತಾಂಶ ಎರಡು ಕಡೆ ಹಂಚಿಹೋಗಿತ್ತು. ಬಳಕೆದಾರರ ಕೋಡ್ ಇರುವ ಗಿಟ್ ರೆಪಾಸಿಟರಿಗಳು ಎನ್‌ಎಫ್‌ಎಸ್ ಕಡತ ಸರ್ವರುಗಳಲ್ಲಿದ್ದವು. ಆ ರೆಪಾಸಿಟರಿ ಯಾರದು, ಯಾರಿಗೆ ಅದನ್ನು ನೋಡುವ ಅಧಿಕಾರವಿದೆ, ಯಾವ ದೋಷದ ಬಗ್ಗೆ ಯಾರು ಏನು ಬರೆದರು ಎಂಬುದೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿತ್ತು.

ಈ ಡೇಟಾಬೇಸಿಗೆ ಎರಡು ಸರ್ವರುಗಳು ಮಾತ್ರ ಇದ್ದವು. ಎಲ್ಲ ಓದು-ಬರಹವೂ ಪ್ರೈಮರಿಯ ಮೇಲೆ ನಡೆಯುತ್ತಿತ್ತು. ಪ್ರೈಮರಿ ಕೈಕೊಟ್ಟರೆ ಅದರ ಜಾಗಕ್ಕೆ ಬರಲೆಂದು ಸೆಕೆಂಡರಿ ಸಿದ್ಧವಾಗಿರುತ್ತಿತ್ತು. ಅಂಗಡಿಯವರು ವ್ಯವಹಾರವನ್ನು ಮೊದಲು ರೋಜು ಕಿರ್ದಿಗೆ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಪೋಸ್ಟ್‌ಗ್ರೆಸ್ ಕೂಡ ಪ್ರತಿಯೊಂದು ಬದಲಾವಣೆಯನ್ನು ಮೊದಲು ವಾಲ್ ಎಂಬ ಲಾಗಿಗೆ ಬರೆದು ನಂತರ ಮುಖ್ಯ ಕಡತಗಳಿಗೆ ಸೇರಿಸುತ್ತದೆ. ಸೆಕೆಂಡರಿಯು ಆ ಲಾಗನ್ನು ತರಿಸಿಕೊಂಡು ತನ್ನ ಪ್ರತಿಯನ್ನು ಪ್ರೈಮರಿಯ ಜೊತೆ ಸರಿದೂಗಿಸಿಕೊಳ್ಳುತ್ತದೆ. ಪ್ರೈಮರಿಯು ಹಳೆಯ ಲಾಗ್ ಕಡತಗಳನ್ನು ಕಾಲಕಾಲಕ್ಕೆ ತೆಗೆದುಹಾಕುತ್ತದೆ. ಅವುಗಳನ್ನು ಬೇರೆಡೆ ಸಂಗ್ರಹಿಸಿಡುವ ಏರ್ಪಾಡು ಗಿಟ್‌ಲ್ಯಾಬ್‌ನಲ್ಲಿ ಇರಲಿಲ್ಲ. ಈ ಕೊರತೆ ಆ ರಾತ್ರಿ ಮೊದಲ ಪೆಟ್ಟು ಕೊಟ್ಟಿತು.

ಸ್ನ್ಯಾಪ್‌ಶಾಟ್‌ಗಳಲ್ಲಿ ಎರಡು ಬಗೆ ಬಳಕೆಯಲ್ಲಿದ್ದವು, ಮತ್ತು ಇವೆರಡರ ವ್ಯತ್ಯಾಸ ತಿಳಿಯದೆ ಪ್ರಕರಣ ಅರ್ಥವಾಗುವುದಿಲ್ಲ. ಮೊದಲನೆಯದು ಕ್ಲೌಡ್ ಒದಗಿಸುವವರ ಮಟ್ಟದಲ್ಲಿ, ಅಂದರೆ ವರ್ಚುವಲ್ ಮಷೀನಿನ ಹೊರಗಿನಿಂದ ಅದರ ಡಿಸ್ಕನ್ನು ಹಿಡಿಯುವ ಅಝೂರ್ ಡಿಸ್ಕ್ ಸ್ನ್ಯಾಪ್‌ಶಾಟ್. ಒಳಗೆ ಯಾವ ಆಪರೇಟಿಂಗ್ ಸಿಸ್ಟಮ್ ಇದೆ, ಯಾವ ಡೇಟಾಬೇಸ್ ಓಡುತ್ತಿದೆ ಎಂಬುದು ಅದಕ್ಕೆ ಬೇಕಿಲ್ಲ. ಎರಡನೆಯದು ಮಷೀನಿನ ಒಳಗೇ ಡಿಸ್ಕುಗಳನ್ನು ನಿರ್ವಹಿಸುವ ಲಿನಕ್ಸ್‌ನ ಎಲ್‌ವಿಎಂ ವ್ಯವಸ್ಥೆ ತೆಗೆಯುವ ಸ್ನ್ಯಾಪ್‌ಶಾಟ್. ಗಿಟ್‌ಲ್ಯಾಬ್ ಮೊದಲನೆಯದನ್ನು ಎನ್‌ಎಫ್‌ಎಸ್ ಸರ್ವರುಗಳಿಗೆ ಇಟ್ಟಿತ್ತು, ಡೇಟಾಬೇಸ್ ಸರ್ವರುಗಳಿಗೆ ಇಟ್ಟಿರಲಿಲ್ಲ. ಎರಡನೆಯದನ್ನು ಡೇಟಾಬೇಸಿಗೆ ದಿನಕ್ಕೊಮ್ಮೆ ತೆಗೆಯುತ್ತಿತ್ತು, ಆದರೆ ಅದರ ಉದ್ದೇಶ ಸ್ಟೇಜಿಂಗಿಗೆ ದತ್ತಾಂಶ ತುಂಬುವುದಾಗಿತ್ತು.

ಆ ರಾತ್ರಿಯ ಘಟನಾವಳಿ

ಸಂಜೆಯಿಂದಲೇ ಡೇಟಾಬೇಸಿನ ಮೇಲೆ ಹೊರೆ ಏರತೊಡಗಿತ್ತು. ಸ್ಪ್ಯಾಮ್ ಹಾಕುವವರು ಸಾಲುಸಾಲಾಗಿ ನಮೂದುಗಳನ್ನು ಸೃಷ್ಟಿಸುತ್ತಿದ್ದರು. ಒಂದೇ ಖಾತೆಗೆ 47,000 ಐಪಿ ವಿಳಾಸಗಳಿಂದ ಲಾಗಿನ್ ಆಗುತ್ತಿದ್ದುದೂ ಕಂಡುಬಂತು. ಇದರ ಜೊತೆಗೆ, ಗಿಟ್‌ಲ್ಯಾಬ್‌ನ ಒಬ್ಬ ಉದ್ಯೋಗಿಯ ಖಾತೆಯ ವಿರುದ್ಧ ಯಾರೋ ಕಿಡಿಗೇಡಿಗಳು ದೂರು ಸಲ್ಲಿಸಿದ್ದರು. ಆ ಖಾತೆ ತಪ್ಪಾಗಿ ಅಳಿಸುವ ಸರದಿಗೆ ಸೇರಿ, ಅದಕ್ಕೆ ಸಂಬಂಧಿಸಿದ ಎಲ್ಲ ದತ್ತಾಂಶವನ್ನು ತೆಗೆಯುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿತ್ತೆಂದು ನಂತರ ತಿಳಿಯಿತು.

ಇಷ್ಟು ಬದಲಾವಣೆಗಳು ಒಮ್ಮೆಗೇ ನುಗ್ಗಿದಾಗ ಸೆಕೆಂಡರಿಯು ಸುಮಾರು 4 ಜಿಬಿಯಷ್ಟು ಹಿಂದೆ ಬಿದ್ದಿತು. ಅದು ಓದಬೇಕಿದ್ದ ಲಾಗ್ ಕಡತಗಳನ್ನು ಪ್ರೈಮರಿಯು ಅಷ್ಟರಲ್ಲಿ ತೆಗೆದುಹಾಕಿತ್ತು. ಸಂಗ್ರಹಿಸಿಟ್ಟ ಪ್ರತಿಯೂ ಇರಲಿಲ್ಲವಾದ್ದರಿಂದ ಸೆಕೆಂಡರಿ ತಾನಾಗಿ ಚೇತರಿಸಿಕೊಳ್ಳುವಂತಿರಲಿಲ್ಲ. ಅದರ ದತ್ತಾಂಶವನ್ನೆಲ್ಲ ಅಳಿಸಿ, ಪ್ರೈಮರಿಯಿಂದ ಹೊಸದಾಗಿ ಪೂರ್ತಿ ಪ್ರತಿ ಮಾಡಿಕೊಳ್ಳುವುದೇ ಉಳಿದ ದಾರಿಯಾಗಿತ್ತು. ಕೆಲಸ ಮುಗಿಸಿ ಹೊರಡುವ ಯೋಚನೆಯಲ್ಲಿದ್ದ ಎಂಜಿನಿಯರ್ ಈ ತೊಂದರೆ ಎದ್ದ ಕಾರಣ ಅಲ್ಲೇ ಉಳಿದರು.

ಪ್ರತಿ ಮಾಡುವ ಉಪಕರಣವಾದ ಪಿಜಿ ಬೇಸ್‌ಬ್ಯಾಕಪ್ ಮೊದಲು, ಪ್ರತಿ ಮಾಡಿಕೊಳ್ಳುವವರಿಗೆ ಪ್ರೈಮರಿ ಬಿಡುವ ಸಂಪರ್ಕಗಳ ಮಿತಿ ಸಾಲದೆಂದು ದೂರಿತು. ಮಿತಿಯನ್ನು ಏರಿಸಿ ಮರಳಿ ಆರಂಭಿಸಿದಾಗ ಪ್ರೈಮರಿಯೇ ಏಳಲಿಲ್ಲ, ಏಕೆಂದರೆ ಒಟ್ಟು ಸಂಪರ್ಕಗಳ ಮಿತಿ 8000 ಎಂದು ಬಹಳ ಎತ್ತರದಲ್ಲಿತ್ತು. ಅದನ್ನು 2000ಕ್ಕೆ ಇಳಿಸಿದ ಮೇಲೆ ಡೇಟಾಬೇಸ್ ಎದ್ದಿತು, ಆದರೆ ಪ್ರತಿ ಮಾಡುವ ಉಪಕರಣ ಒಂದು ಸಾಲನ್ನೂ ತೋರಿಸದೆ ಸುಮ್ಮನೆ ನಿಂತುಬಿಟ್ಟಿತು. ಪ್ರೈಮರಿಯು ದತ್ತಾಂಶ ಕಳಿಸಲು ಆರಂಭಿಸುವವರೆಗೆ ಅದು ಹೀಗೆ ಮೌನವಾಗಿ ಕಾಯುವುದು ಸಹಜವೇ. ಆ ಸಹಜತೆ ಎಲ್ಲೂ ಸ್ಪಷ್ಟವಾಗಿ ಬರೆದಿರಲಿಲ್ಲ. ಹಿಂದಿನ ಪ್ರಯತ್ನಗಳಲ್ಲಿ ಸೃಷ್ಟಿಯಾದ ಅರೆಬರೆ ಕಡತಗಳೇ ಅಡ್ಡಿಯಾಗಿರಬಹುದೆಂದು ಊಹಿಸಿದ ಎಂಜಿನಿಯರ್, ರಾತ್ರಿ 11 ಗಂಟೆ 30 ನಿಮಿಷದ ಸುಮಾರಿಗೆ, ಸೆಕೆಂಡರಿಯ ದತ್ತಾಂಶ ಕೋಶವನ್ನು ಅಳಿಸುವ ಆಜ್ಞೆಯನ್ನು ಕೊಟ್ಟರು. ಆಜ್ಞೆ ಹೋದದ್ದು ಪ್ರೈಮರಿಗೆ. ಒಂದೆರಡು ಸೆಕೆಂಡುಗಳಲ್ಲಿ ಗೊತ್ತಾಗಿ ತಡೆದರೂ ಸುಮಾರು 300 ಜಿಬಿ ಅಳಿದು ಬರೀ 4.5 ಜಿಬಿ ಉಳಿದಿತ್ತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಪ್ರಕರಣವನ್ನು ಹೇಳುವವರು ಹೆಚ್ಚಾಗಿ ಅಳಿಸಿದ ಆ ಒಂದು ಆಜ್ಞೆಯ ಮೇಲೆಯೇ ನಿಲ್ಲುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದ ಗಳಿಗೆ ಅದಕ್ಕೂ ಮೊದಲಿನದು: ಸೆಕೆಂಡರಿಯ ದತ್ತಾಂಶವನ್ನು ಮೊದಲ ಬಾರಿಗೆ ಅಳಿಸಿದ ಗಳಿಗೆ. ಆ ಕ್ಷಣದಲ್ಲಿ ಸೆಕೆಂಡರಿಯ ಡಿಸ್ಕಿನಲ್ಲಿ ಇದ್ದದ್ದು ಕೆಲವೇ ಜಿಬಿಯಷ್ಟು ಹಿಂದುಳಿದ, ಉಳಿದಂತೆ ಪೂರ್ಣವಾದ ಒಂದು ಡೇಟಾಬೇಸ್. ಅದನ್ನು ಅಳಿಸುವ ಮುನ್ನ ಆ ಮಷೀನಿನ ಡಿಸ್ಕಿನ ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದರೆ, ಅಥವಾ ಜಾಗವಿದ್ದ ಪಕ್ಷದಲ್ಲಿ ಆ ಕೋಶದ ಹೆಸರನ್ನಷ್ಟೇ ಬದಲಿಸಿ ಪಕ್ಕಕ್ಕೆ ಇಟ್ಟಿದ್ದರೆ, ಮುಂದೆ ಪ್ರೈಮರಿಯಲ್ಲಿ ಆದ ಅನಾಹುತದ ನಂತರವೂ ಆರು ಗಂಟೆಗಿಂತ ಎಷ್ಟೋ ಹೊಸದಾದ ಪ್ರತಿಯೊಂದು ಕೈಯಲ್ಲಿರುತ್ತಿತ್ತು. ಕೆಟ್ಟುಹೋದ, ಹಿಂದುಳಿದ, ಹೇಗೂ ಎಸೆಯಲಿರುವ ಪ್ರತಿಯ ಸ್ನ್ಯಾಪ್‌ಶಾಟ್ ಏಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಎರಡೇ ಪ್ರತಿಗಳಿರುವಾಗ ಒಂದನ್ನು ಅಳಿಸಿದರೆ ಇನ್ನೊಂದು ಒಂಟಿಯಾಗುತ್ತದೆ, ಮತ್ತು ಒಂಟಿಯಾದ ಆ ಪ್ರತಿಯ ಮೇಲೆಯೇ ಒತ್ತಡದ ನಡುವೆ ಸಂಯೋಜನೆಗಳನ್ನು ಬದಲಿಸುವ ಕೆಲಸ ನಡೆಯುತ್ತಿರುತ್ತದೆ.

ಇದ್ದೂ ಇಲ್ಲದ ಬ್ಯಾಕಪ್‌ಗಳು

ತಂಡ ಮೊದಲು ಹುಡುಕಿದ್ದು ದಿನಕ್ಕೊಮ್ಮೆ ಪಿಜಿ ಡಂಪ್ ಎಂಬ ಪೋಸ್ಟ್‌ಗ್ರೆಸ್ ಉಪಕರಣದ ಮೂಲಕ ತೆಗೆದು ಅಮೆಜಾನ್‌ನ ಎಸ್3 ಸಂಗ್ರಹಕ್ಕೆ ಕಳಿಸುತ್ತಿದ್ದ ಬ್ಯಾಕಪ್‌ಗಳನ್ನು. ಅಲ್ಲಿ ಅವುಗಳಿಗೆಂದಿದ್ದ ಬಕೆಟ್ (ಎಸ್3ಯ ಸಂಗ್ರಹ ಕೋಶ) ಬರಿದಾಗಿತ್ತು. ಗಿಟ್‌ಲ್ಯಾಬ್‌ನ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6 ಆವೃತ್ತಿಯದು, ಬ್ಯಾಕಪ್ ಓಡುತ್ತಿದ್ದ ಅಪ್ಲಿಕೇಶನ್ ಸರ್ವರಿನಲ್ಲಿ ಡೇಟಾಬೇಸಿನ ಆವೃತ್ತಿ ತಿಳಿಸುವ ಕಡತ ಇಲ್ಲದ ಕಾರಣ, ಅಲ್ಲಿ 9.2ರ ಪಿಜಿ ಡಂಪ್ ಓಡುತ್ತಿತ್ತು. ಹಳೆಯ ಆವೃತ್ತಿಯ ಉಪಕರಣ ಹೊಸ ಆವೃತ್ತಿಯ ಡೇಟಾಬೇಸನ್ನು ಓದಲು ನಿರಾಕರಿಸಿ ಪ್ರತಿದಿನ ವಿಫಲವಾಗುತ್ತಿತ್ತು. ವಿಫಲವಾದಾಗ ಇಮೇಲ್ ಬರಬೇಕಿತ್ತು. ಆ ಇಮೇಲ್‌ಗಳಿಗೆ, ಕಳಿಸಿದವರು ಅಸಲಿಯೇ ಎಂದು ತೋರಿಸುವ ಡಿಮಾರ್ಕ್ ದೃಢೀಕರಣ ಇಲ್ಲದ್ದರಿಂದ ಸ್ವೀಕರಿಸುವ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಬ್ಯಾಕಪ್ ನಿಂತಿದೆ ಎಂಬ ಸಂಗತಿ ಯಾರ ಕಣ್ಣಿಗೂ ಬೀಳಲಿಲ್ಲ.

ನಂತರದ ಪ್ರಶ್ನೆ ಅಝೂರ್ ಡಿಸ್ಕ್ ಸ್ನ್ಯಾಪ್‌ಶಾಟ್‌ಗಳದು. ಡೇಟಾಬೇಸ್ ಸರ್ವರುಗಳಿಗೆ ಅವುಗಳನ್ನು ಹಾಕಿರಲಿಲ್ಲ ಎಂಬುದಕ್ಕೆ ವರದಿ ಕೊಡುವ ಕಾರಣಗಳು ಗಮನಿಸತಕ್ಕವು. ಒಂದು, ಉಳಿದ ಬ್ಯಾಕಪ್ ವಿಧಾನಗಳು ಸಾಕೆಂಬ ನಂಬಿಕೆ. ಇನ್ನೊಂದು, ಮರಳಿ ತರುವಾಗಿನ ವೇಗದ ಅನುಭವ. ಆಗಿನ ಅಝೂರ್‌ನಲ್ಲಿ ಡಿಸ್ಕುಗಳು ಸ್ಟೋರೇಜ್ ಖಾತೆಗಳ ಅಡಿಯಲ್ಲಿರುತ್ತಿದ್ದವು, ಒಂದು ಖಾತೆಗೆ ಸುಮಾರು 30 ಟಿಬಿಯ ಮಿತಿ ಇತ್ತು. ಅದೇ ಖಾತೆಯೊಳಗೆ ಸ್ನ್ಯಾಪ್‌ಶಾಟನ್ನು ಮರಳಿ ಡಿಸ್ಕಾಗಿ ಮಾಡಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಬೇರೆ ಖಾತೆಯ ಮಷೀನಿಗೆ ತರಬೇಕಾದರೆ ಗಂಟೆಗಳು, ಕೆಲವೊಮ್ಮೆ ದಿನಗಳು ಹಿಡಿಯುತ್ತಿದ್ದವು. ಒಂದು ಸಂದರ್ಭದಲ್ಲಿ ಒಂದು ವಾರಕ್ಕೂ ಹೆಚ್ಚು ಹಿಡಿದಿತ್ತೆಂದು ಗಿಟ್‌ಲ್ಯಾಬ್ ಬರೆದುಕೊಂಡಿದೆ. ಅದರಿಂದ ಅವರು ಈ ವಿಧಾನದ ಮೇಲೆ ಭಾರ ಹಾಕದಿರಲು ನಿರ್ಧರಿಸಿದ್ದರು. ಈ ತೀರ್ಮಾನದ ಅರ್ಧಭಾಗವನ್ನು ನಾನು ಒಪ್ಪುತ್ತೇನೆ: ಮರಳಿ ತರಲು ಒಂದು ವಾರ ಬೇಕಾಗುವ ಪ್ರತಿಯನ್ನು ಮುಖ್ಯ ಆಸರೆಯಾಗಿ ಇಟ್ಟುಕೊಳ್ಳಬಾರದು. ಆದರೆ ನಿಧಾನವೆಂಬ ಕಾರಣಕ್ಕೆ ಅದನ್ನು ತೆಗೆಯದೇ ಇರುವುದು ಸರಿಯಲ್ಲ, ಏಕೆಂದರೆ ಉಳಿದೆಲ್ಲವೂ ವಿಫಲವಾದ ದಿನ ನಿಧಾನವಾದ ಪ್ರತಿಯೂ ಅಮೂಲ್ಯವಾಗುತ್ತದೆ, ಮತ್ತು ಡಿಸ್ಕಿನ ಬದಲಾದ ಬ್ಲಾಕ್‌ಗಳನ್ನಷ್ಟೇ (ತುಣುಕುಗಳನ್ನಷ್ಟೇ) ಉಳಿಸುವ ಸ್ನ್ಯಾಪ್‌ಶಾಟಿಗೆ ತಗಲುವ ಖರ್ಚು ಬಹಳ ದೊಡ್ಡದೇನಲ್ಲ.

ಐದು ಬಗೆಯ ಬ್ಯಾಕಪ್ ಮತ್ತು ಪ್ರತಿಮಾಡುವ ವಿಧಾನಗಳಲ್ಲಿ ಒಂದೂ ನೆಚ್ಚುವಂತೆ ಕೆಲಸ ಮಾಡುತ್ತಿಲ್ಲ, ಇಲ್ಲವೇ ಮೊದಲಿನಿಂದಲೂ ಹಾಕಿಯೇ ಇಲ್ಲ ಎಂದು ತಂಡ ತನ್ನ ತೆರೆದ ಟಿಪ್ಪಣಿಯಲ್ಲಿ ಬರೆಯಿತು. ಸ್ಟೇಜಿಂಗಿನಲ್ಲಿ ಎಲ್‌ವಿಎಂ ಸ್ನ್ಯಾಪ್‌ಶಾಟಿನ ಪ್ರತಿ ಇತ್ತು. ದಿನದ ನಿಗದಿತ ಸ್ನ್ಯಾಪ್‌ಶಾಟ್ ಒಂದೇ ಇದ್ದಿದ್ದರೆ ಸುಮಾರು 24 ಗಂಟೆಗಳ ದತ್ತಾಂಶ ಹೋಗುತ್ತಿತ್ತು. ಪಿಜಿಪೂಲ್ ಪ್ರಯೋಗಕ್ಕೆಂದು ಆ ಸಂಜೆ ತೆಗೆದದ್ದು ಆ ನಷ್ಟವನ್ನು ಆರು ಗಂಟೆಗೆ ಇಳಿಸಿತು.

ಓಡುತ್ತಿರುವ ಡೇಟಾಬೇಸಿನ ಸ್ನ್ಯಾಪ್‌ಶಾಟ್ ಹೇಗೆ ಕೆಲಸಕ್ಕೆ ಬಂತು

ಸ್ನ್ಯಾಪ್‌ಶಾಟ್ ತೆಗೆದಾಗ ಡೇಟಾಬೇಸ್ ನಿಂತಿರಲಿಲ್ಲ. ಸಾವಿರಾರು ಜನ ಬಳಸುತ್ತಲೇ ಇದ್ದರು. ಹಾಗಿದ್ದೂ ಅದು ಸರಿಯಾಗಿ ತೆರೆದುಕೊಂಡಿತು. ಇದು ಅದೃಷ್ಟದಿಂದ ಆದದ್ದಲ್ಲ, ಮತ್ತು ಇದರ ಕಾರಣವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ.

ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಲ್ಲಿ ಇಡೀ ಡಿಸ್ಕಿನ ಪ್ರತಿ ಆಗುವುದಿಲ್ಲ. ಎಲ್‌ವಿಎಂನಂಥ ವ್ಯವಸ್ಥೆ ಆ ಕ್ಷಣದ ಸ್ಥಿತಿಯನ್ನು ಗುರುತು ಮಾಡಿಕೊಂಡು, ಅನಂತರ ಯಾವುದಾದರೂ ಬ್ಲಾಕಿನ ಮೇಲೆ ಹೊಸದನ್ನು ಬರೆಯಬೇಕಾದಾಗ ಅಲ್ಲಿದ್ದ ಹಳೆಯದನ್ನು ಮೊದಲು ಬೇರೆಡೆ ಎತ್ತಿಡುತ್ತದೆ. ಅಮೆಜಾನ್ ಕ್ಲೌಡ್‌ನ ಡಿಸ್ಕ್ ಸೇವೆಯಾದ ಇಬಿಎಸ್ ಮೊದಲ ಸಲ ಬಳಕೆಯಲ್ಲಿರುವ ಬ್ಲಾಕ್‌ಗಳನ್ನೆಲ್ಲ ಬೇರೆ ಸಂಗ್ರಹಕ್ಕೆ ಕಳಿಸಿ, ಮುಂದಿನ ಸಲಗಳಲ್ಲಿ ಬದಲಾದ ಬ್ಲಾಕ್‌ಗಳನ್ನಷ್ಟೇ ಕಳಿಸುತ್ತದೆ. ವರ್ಚುವಲ್ ಮಷೀನುಗಳನ್ನು ನಡೆಸುವ ತಂತ್ರಾಂಶವಾದ ವಿಎಂವೇರ್‌ನಲ್ಲಿ ಮೂಲ ಡಿಸ್ಕನ್ನು ಹಾಗೆಯೇ ನಿಲ್ಲಿಸಿ, ಮುಂದಿನ ಬರಹಗಳನ್ನೆಲ್ಲ ಹೊಸದೊಂದು ಡೆಲ್ಟಾ ಡಿಸ್ಕಿಗೆ ಹಾಕಲಾಗುತ್ತದೆ. ಆ ಡಿಸ್ಕ್ ಬೆಳೆಯುತ್ತ ಹೋಗಿ ಮಷೀನನ್ನು ನಿಧಾನಗೊಳಿಸುವುದರಿಂದ ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದೂ, ಅದನ್ನು ಬ್ಯಾಕಪ್ ಎಂದು ಬಳಸಬಾರದೆಂದೂ ಆ ಕಂಪನಿಯೇ ಹೇಳುತ್ತದೆ. ಮೂರಕ್ಕೂ ಸ್ನ್ಯಾಪ್‌ಶಾಟ್ ಎಂಬುದೇ ಹೆಸರು. ಆದರೆ ಎಲ್‌ವಿಎಂನದು ಮತ್ತು ವಿಎಂವೇರ್‌ನದು ಮೂಲ ಡಿಸ್ಕನ್ನು ಅವಲಂಬಿಸಿವೆ, ಆ ಡಿಸ್ಕೇ ಹಾಳಾದರೆ ಅವೂ ಹೋಗುತ್ತವೆ. ಇಬಿಎಸ್‌ನದು ಮೂಲದಿಂದ ಬೇರ್ಪಟ್ಟು ನಿಲ್ಲುತ್ತದೆ. ಗಿಟ್‌ಲ್ಯಾಬ್‌ನ ಎಲ್‌ವಿಎಂ ಸ್ನ್ಯಾಪ್‌ಶಾಟ್ ಆಪತ್ತಿಗೆ ಆದದ್ದು ಅದರ ಪ್ರತಿ ಸ್ಟೇಜಿಂಗ್ ಎಂಬ ಬೇರೆ ಮಷೀನಿಗೆ ಹೋಗಿ ಕೂತಿದ್ದರಿಂದ.

ಇನ್ನು ಸ್ಥಿತಿಯ ಪ್ರಶ್ನೆ. ಓಡುತ್ತಿರುವ ಮಷೀನಿನ ಡಿಸ್ಕನ್ನು ಹಿಡಿದಾಗ ಮೆಮೊರಿಯಲ್ಲಿದ್ದು ಇನ್ನೂ ಡಿಸ್ಕಿಗೆ ಇಳಿಯದ ದತ್ತಾಂಶ ಅದರಲ್ಲಿ ಬರುವುದಿಲ್ಲ. ವಿದ್ಯುತ್ ಹಠಾತ್ತಾಗಿ ಹೋದಾಗ ಡಿಸ್ಕಿನಲ್ಲಿ ಏನು ಉಳಿಯುತ್ತದೋ ಅದೇ ಸ್ನ್ಯಾಪ್‌ಶಾಟಿನಲ್ಲಿಯೂ ಇರುತ್ತದೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸುಗಳನ್ನು ಕಟ್ಟಿರುವುದೇ ಈ ಸ್ಥಿತಿಯಿಂದ ಎದ್ದು ನಿಲ್ಲುವಂತೆ: ದೃಢಪಟ್ಟ ಪ್ರತಿ ವ್ಯವಹಾರವೂ ಮೊದಲೇ ಲಾಗಿನಲ್ಲಿ ಇರುವುದರಿಂದ, ಮರಳಿ ಆರಂಭವಾದಾಗ ಅದು ಲಾಗನ್ನು ಓದಿ ಮುಖ್ಯ ಕಡತಗಳನ್ನು ಸರಿಪಡಿಸಿಕೊಳ್ಳುತ್ತದೆ. ಇದಕ್ಕೆ ಒಂದೇ ಷರತ್ತು. ಲಾಗ್ ಮತ್ತು ಮುಖ್ಯ ಕಡತಗಳು ಒಂದೇ ಕ್ಷಣದಲ್ಲಿ ಸೆರೆಯಾಗಿರಬೇಕು. ಲಾಗ್ ಒಂದು ಡಿಸ್ಕಿನಲ್ಲಿ, ಮುಖ್ಯ ಕಡತಗಳು ಇನ್ನೊಂದರಲ್ಲಿ ಇದ್ದು, ಎರಡರ ಸ್ನ್ಯಾಪ್‌ಶಾಟ್‌ಗಳ ನಡುವೆ ಕೆಲವು ಸೆಕೆಂಡುಗಳ ಅಂತರ ಬಿದ್ದರೂ ಆ ಜೋಡಿಯನ್ನು ನಂಬುವಂತಿಲ್ಲ. ವೇಗಕ್ಕಾಗಿ ಡಿಸ್ಕುಗಳನ್ನು ಹೀಗೆ ಬೇರ್ಪಡಿಸುವುದು ಕ್ಲೌಡ್‌ನಲ್ಲಿ ಸಾಮಾನ್ಯ. ಅಮೆಜಾನ್ 2019ರಲ್ಲಿ ಒಂದು ಮಷೀನಿಗೆ ಜೋಡಿಸಿದ ಎಲ್ಲ ಡಿಸ್ಕುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುವ ಸೌಲಭ್ಯವನ್ನು ಕೊಟ್ಟದ್ದು ಈ ತೊಂದರೆಯನ್ನು ನೀಗಿಸಲೆಂದೇ. ಆ ಸೌಲಭ್ಯ ಇಲ್ಲದೆಡೆ ಕಡತ ವ್ಯವಸ್ಥೆಯನ್ನು ಕ್ಷಣಕಾಲ ಸ್ತಬ್ಧಗೊಳಿಸಿ, ಅಥವಾ ಡೇಟಾಬೇಸಿಗೆ ಬ್ಯಾಕಪ್ ಆರಂಭವಾಗುತ್ತಿದೆ ಎಂದು ಮುಂಚಿತವಾಗಿ ತಿಳಿಸಿ ಸ್ನ್ಯಾಪ್‌ಶಾಟ್ ತೆಗೆಯಬೇಕಾಗುತ್ತದೆ.

ಗಿಟ್‌ಲ್ಯಾಬ್‌ನ ಡೇಟಾಬೇಸ್ ಹೀಗೆ ತನ್ನೊಳಗೆ ಸುಸಂಗತವಾಗಿಯೇ ಮರಳಿತು. ಅಸಂಗತಿ ಉಂಟಾದದ್ದು ಅದರ ಹೊರಗೆ. ಗಿಟ್ ರೆಪಾಸಿಟರಿಗಳಿದ್ದ ಎನ್‌ಎಫ್‌ಎಸ್ ಸರ್ವರುಗಳಿಗೆ ಏನೂ ಆಗಿರಲಿಲ್ಲ, ಅಲ್ಲಿ ಗಡಿಯಾರ ರಾತ್ರಿ 11 ಗಂಟೆ 30 ನಿಮಿಷದಲ್ಲೇ ಇತ್ತು. ಡೇಟಾಬೇಸ್ ಮಾತ್ರ ಸಂಜೆ 5 ಗಂಟೆ 20 ನಿಮಿಷಕ್ಕೆ ಹಿಂದೆ ಹೋಗಿತ್ತು. ಈ ನಡುವಿನ ಅವಧಿಯಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಕೋಡ್ ಏರಿಸಿದವರ ಕೋಡ್ ಡಿಸ್ಕಿನಲ್ಲಿ ಉಳಿಯಿತು, ಅದು ಯಾರದು ಎಂದು ಹೇಳುವ ದಾಖಲೆ ಉಳಿಯಲಿಲ್ಲ. ಹೊಸ ನಮೂದುಗಳಿಗೆ ಕೊಡುವ ಕ್ರಮಸಂಖ್ಯೆಗಳೂ ಹಿಂದೆ ಸರಿದಿದ್ದವು. ಅವುಗಳನ್ನು ಹಾಗೆಯೇ ಬಿಟ್ಟರೆ, ಕಳೆದುಹೋದ ನಮೂದುಗಳಿಗೆ ಆಗಲೇ ಕೊಟ್ಟಿದ್ದ ಸಂಖ್ಯೆಗಳು ಹೊಸಬರಿಗೆ ಮತ್ತೆ ಸಿಕ್ಕಿ, ಒಬ್ಬರ ಗುರುತು ಇನ್ನೊಬ್ಬರಿಗೆ ಅಂಟಿಕೊಳ್ಳುವ ಅಪಾಯವಿತ್ತು. ಅದಕ್ಕಾಗಿ ತಾಣವನ್ನು ತೆರೆಯುವ ಮುನ್ನ ಎಲ್ಲ ಕ್ರಮಸಂಖ್ಯೆಗಳನ್ನು 1,00,000ದಷ್ಟು ಮುಂದಕ್ಕೆ ಹಾರಿಸಲಾಯಿತು. ಆ ದಣಿವಿನ ನಡುವೆ ಈ ಸೂಕ್ಷ್ಮ ಯಾರಿಗೋ ಹೊಳೆದು ಕಾರ್ಯರೂಪಕ್ಕೆ ಬಂದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಸ್ನ್ಯಾಪ್‌ಶಾಟಿನಿಂದ ಮರಳುವ ಯೋಜನೆ ಬರೆಯುವ ಬಹಳಷ್ಟು ಕಡೆ ಈ ಹಂತದ ಪ್ರಸ್ತಾಪವೇ ಇರುವುದಿಲ್ಲ.

ಮರಳಿ ತಂದ ದಾರಿ

ಪ್ರತಿ ಸಿಕ್ಕಿತು ಎಂದಮಾತ್ರಕ್ಕೆ ತಾಣ ಮರಳಲಿಲ್ಲ. ಸ್ಟೇಜಿಂಗ್ ಮಷೀನುಗಳು ಅಝೂರ್‌ನ ಹಳೆಯ ಮಾದರಿಯ ವ್ಯವಸ್ಥೆಯಲ್ಲಿ, ವೇಗದ ಪ್ರೀಮಿಯಂ ಡಿಸ್ಕುಗಳಿಲ್ಲದೆ ಇದ್ದವು. ಪ್ರಯೋಗದ ಮಷೀನಿಗೆ ದುಬಾರಿ ಡಿಸ್ಕ್ ಹಾಕುವವರು ಯಾರು? ಅಲ್ಲಿಂದ ಪ್ರೊಡಕ್ಷನ್‌ಗೆ, ಅಂದರೆ ಬಳಕೆದಾರರ ಸೇವೆಯಲ್ಲಿರುವ ಮುಖ್ಯ ಸರ್ವರುಗಳಿಗೆ, ದತ್ತಾಂಶ ಹರಿದದ್ದು ಸೆಕೆಂಡಿಗೆ ಸುಮಾರು 60 ಮೆಗಾಬಿಟ್‌ಗಳ ವೇಗದಲ್ಲಿ. ಅಂದರೆ ಸೆಕೆಂಡಿಗೆ ಏಳೂವರೆ ಎಂಬಿ. ಆ ಲೆಕ್ಕದಲ್ಲಿ 300 ಜಿಬಿ ಸಾಗಿಸಲು ಏನೂ ಅಡ್ಡಿಯಿಲ್ಲದಿದ್ದರೂ ಹನ್ನೊಂದು ಗಂಟೆ ಬೇಕು. ಪೂರ್ವಸಿದ್ಧತೆ, ಸಾಗಣೆ, ಪರಿಶೀಲನೆ ಎಲ್ಲ ಸೇರಿ ತಾಣ ತೆರೆದುಕೊಳ್ಳಲು ಸುಮಾರು 18 ಗಂಟೆ ಹಿಡಿಯಿತು.

ಈ ಹೊತ್ತನ್ನು ನಮ್ಮ ಗಡಿಯಾರಕ್ಕೆ ತಂದು ನೋಡಿದರೆ ಇದರ ಭಾರ ತಿಳಿಯುತ್ತದೆ. ಕಡತಗಳು ಅಳಿಸಿಹೋದಾಗ ಬೆಂಗಳೂರಿನಲ್ಲಿ ಫೆಬ್ರವರಿ 1, ಬುಧವಾರದ ಮುಂಜಾನೆ 5 ಗಂಟೆ. ಸೇವೆ ಮರಳಿದಾಗ ಅದೇ ದಿನ ರಾತ್ರಿ 11 ಗಂಟೆ 30 ನಿಮಿಷ ದಾಟಿತ್ತು. ಗಿಟ್‌ಲ್ಯಾಬ್ ನೆಚ್ಚಿಕೊಂಡಿದ್ದ ಇಲ್ಲಿನ ತಂಡಗಳಿಗೆ ಕೆಲಸದ ಇಡೀ ದಿನ ಹೋಯಿತು. ಹಿಂದಿನ ರಾತ್ರಿ 10 ಗಂಟೆ 50 ನಿಮಿಷದ ನಂತರ ಕೂತು ಟಿಪ್ಪಣಿ ಬರೆದವರ ಶ್ರಮವೂ ಹೋಯಿತು.

ಸ್ಟೇಜಿಂಗಿನ ಪ್ರತಿಗೆ ಇನ್ನೊಂದು ತೊಡಕಿತ್ತು. ಪ್ರಯೋಗದ ಸರ್ವರಿನಿಂದ ಬಳಕೆದಾರರ ಸೇವೆಗಳಿಗೆ ಅಕಸ್ಮಾತ್ ಕರೆ ಹೋಗಬಾರದೆಂದು, ಸ್ಟೇಜಿಂಗಿಗೆ ದತ್ತಾಂಶ ತುಂಬುವ ವಿಧಾನವು ವೆಬ್‌ಹುಕ್‌ಗಳನ್ನು (ಏನಾದರೂ ನಡೆದಾಗ ಬೇರೆ ಸೇವೆಗೆ ತಾನಾಗಿ ಸುದ್ದಿ ಕಳಿಸುವ ಏರ್ಪಾಡುಗಳನ್ನು) ತೆಗೆದುಹಾಕುತ್ತಿತ್ತು. ಆ ವಿಧಾನ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಆದರೆ ಅದರ ಫಲವಾದ ಪ್ರತಿಯನ್ನು ಬ್ಯಾಕಪ್ ಎಂದು ಬಳಸುವ ದಿನ ಬಂದಾಗ ವೆಬ್‌ಹುಕ್‌ಗಳ ಬಗ್ಗೆ ಪ್ರತ್ಯೇಕವಾಗಿ ಚಿಂತಿಸಬೇಕಾಯಿತು. ಬೇರೆ ಉದ್ದೇಶಕ್ಕೆ ತೆಗೆದ ಸ್ನ್ಯಾಪ್‌ಶಾಟಿನಲ್ಲಿ ಆ ಉದ್ದೇಶಕ್ಕೆ ಬೇಡವಾದದ್ದು ಇರುವುದಿಲ್ಲ ಎಂಬುದನ್ನು ಹೀಗೆ ಆಪತ್ತಿನ ನಡುವೆ ನೆನಪಿಸಿಕೊಳ್ಳಬೇಕಾಗುತ್ತದೆ.

ಕೊನೆಯ ಲೆಕ್ಕದಲ್ಲಿ ಸುಮಾರು 5,000 ಪ್ರಾಜೆಕ್ಟುಗಳು, 5,000 ಟಿಪ್ಪಣಿಗಳು ಮತ್ತು 700 ಹೊಸ ಬಳಕೆದಾರರ ಖಾತೆಗಳಿಗೆ ಸಂಬಂಧಿಸಿದ ದತ್ತಾಂಶ ನಷ್ಟವಾಯಿತು. ಕೋಡ್ ಮತ್ತು ವಿಕಿಗಳು ಉಳಿದವು.

ಸ್ನ್ಯಾಪ್‌ಶಾಟ್ ಇರುವ ಜಾಗ

ಗಿಟ್‌ಲ್ಯಾಬ್ ಅನುಭವಿಸಿದ್ದು ಕೈತಪ್ಪಿನ ನಷ್ಟ. ಅದೇ ಕ್ಷೇತ್ರದ ಇನ್ನೊಂದು ಸಂಸ್ಥೆಗೆ ಆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಸ್ನ್ಯಾಪ್‌ಶಾಟಿನ ಇನ್ನೊಂದು ಮಿತಿ ಕಾಣುತ್ತದೆ. ಕೋಡ್ ಸ್ಪೇಸಸ್ ಎಂಬ ಕೋಡ್ ಸಂಗ್ರಹಣಾ ಸೇವೆ ಅಮೆಜಾನ್ ಕ್ಲೌಡ್‌ನಲ್ಲಿ ನಡೆಯುತ್ತಿತ್ತು. 2014ರ ಜೂನ್‌ನಲ್ಲಿ ದಾಳಿಕೋರನೊಬ್ಬ ಅವರ ಅಮೆಜಾನ್ ನಿಯಂತ್ರಣ ಫಲಕಕ್ಕೆ ಪ್ರವೇಶ ಪಡೆದು ಹಣಕ್ಕೆ ಬೇಡಿಕೆಯಿಟ್ಟ. ಸಂಸ್ಥೆಯವರು ಫಲಕದ ಹಿಡಿತವನ್ನು ಮರಳಿ ಪಡೆಯಲು ತೊಡಗಿದೊಡನೆ ಅವನು ಇಬಿಎಸ್ ಸ್ನ್ಯಾಪ್‌ಶಾಟ್‌ಗಳು, ಎಸ್3 ಬಕೆಟ್‌ಗಳು, ಮಷೀನುಗಳ ಅಚ್ಚುಗಳು ಎಲ್ಲವನ್ನೂ ಅಳಿಸುತ್ತ ಹೋದ. ಸಂಸ್ಥೆ ಬಾಗಿಲು ಮುಚ್ಚಿತು. ಅಲ್ಲಿ ಸ್ನ್ಯಾಪ್‌ಶಾಟ್‌ಗಳಿದ್ದವು, ಆದರೆ ಮಷೀನನ್ನು ಅಳಿಸಬಲ್ಲ ಅಧಿಕಾರಕ್ಕೇ ಸ್ನ್ಯಾಪ್‌ಶಾಟನ್ನು ಅಳಿಸುವ ಅಧಿಕಾರವೂ ಸೇರಿತ್ತು. ಇಂದು ಕ್ಲೌಡ್ ಕಂಪನಿಗಳು ಸ್ನ್ಯಾಪ್‌ಶಾಟಿಗೆ ನಿಗದಿತ ಅವಧಿಯ ಬೀಗ ಹಾಕುವ, ಬೇರೆ ಖಾತೆಗೆ ನಕಲಿಸುವ ಅನುಕೂಲಗಳನ್ನು ಕೊಡುತ್ತವೆ. ಅವುಗಳನ್ನು ಬಳಸುವವರು ಮಾಮೂಲಿ ಕೆಲಸ ನಡೆಸುವ ಖಾತೆಯಿಂದ ಆ ಬೀಗ ತೆಗೆಯಲಾಗದಂತೆ ನೋಡಿಕೊಳ್ಳಬೇಕು.

ಅನಂತರ ಆದ ಬದಲಾವಣೆ

ಗಿಟ್‌ಲ್ಯಾಬ್‌ನ ವರದಿ ಪ್ರತಿ ವೈಫಲ್ಯಕ್ಕೂ ಏಕೆ ಎಂದು ಮತ್ತೆ ಮತ್ತೆ ಕೇಳುತ್ತ ಹೋಗಿ, ಬ್ಯಾಕಪ್ ವಿಧಾನವನ್ನು ನಿಯಮಿತವಾಗಿ ಏಕೆ ಪರೀಕ್ಷಿಸಲಿಲ್ಲ ಎಂಬ ಪ್ರಶ್ನೆಗೆ ಬಂದಾಗ, ಅದಕ್ಕೆ ಹೊಣೆಗಾರರೇ ಇರಲಿಲ್ಲ ಎಂಬ ಉತ್ತರಕ್ಕೆ ತಲುಪಿತು. ಅಳಿಸಿದ ಎಂಜಿನಿಯರನ್ನು ಸಂಸ್ಥೆ ಬಲಿಕೊಡಲಿಲ್ಲ, ವರದಿಯಲ್ಲಿ ಅವರ ಹೆಸರನ್ನೂ ಹಾಕಲಿಲ್ಲ. ಎಲ್‌ವಿಎಂ ಸ್ನ್ಯಾಪ್‌ಶಾಟ್ 24 ಗಂಟೆಗೊಮ್ಮೆ ಇದ್ದದ್ದು ಗಂಟೆಗೊಮ್ಮೆ ಆಯಿತು. ವಾಲ್ ಲಾಗುಗಳನ್ನು ಎಡೆಬಿಡದೆ ಎಸ್3ಗೆ ಸಂಗ್ರಹಿಸುವುದು, ಬ್ಯಾಕಪ್‌ಗಳ ಮೇಲೆ ನಿಗಾ ಇಡುವುದು, ಮರಳಿ ತರುವುದನ್ನು ತಾನಾಗಿ ಪರೀಕ್ಷಿಸುವುದು, ಯಾವ ಸರ್ವರಿನಲ್ಲಿದ್ದೇವೆಂದು ಕಣ್ಣಿಗೆ ಹೊಡೆಯುವಂತೆ, ಆಜ್ಞೆ ಬರೆಯುವ ಸಾಲಿನ ಮುಂದೆ ಕಾಣುವ ಪ್ರಾಂಪ್ಟಿಗೆ ಬಣ್ಣ ಕೊಡುವುದು ಕಾರ್ಯಪಟ್ಟಿಗೆ ಸೇರಿದವು. 2018ರ ಆಗಸ್ಟ್‌ನಲ್ಲಿ ಇಡೀ ತಾಣ ಅಝೂರ್‌ನಿಂದ ಗೂಗಲ್ ಕ್ಲೌಡ್‌ಗೆ ಸ್ಥಳಾಂತರಗೊಂಡಿತು.

ಈ ಬದಲಾವಣೆಗಳಲ್ಲಿ ಹೆಚ್ಚಿನ ತೂಕ ಯಾವುದಕ್ಕೆ ಎಂದು ಕೇಳಿದರೆ, ಗಂಟೆಗೊಮ್ಮೆಯ ಸ್ನ್ಯಾಪ್‌ಶಾಟಿಗೆ ಎಂದು ನಾನು ಹೇಳಲಾರೆ. ಅದು ಮೊದಲೇ ಇದ್ದಿದ್ದರೆ ಕಳೆದುಹೋದ ಆರು ಗಂಟೆಗಳ ದತ್ತಾಂಶ ಒಂದು ಗಂಟೆಯದಕ್ಕೆ ಇಳಿಯುತ್ತಿತ್ತು. ಆದರೆ ಅದರ ಪ್ರತಿ ಸ್ಟೇಜಿಂಗಿನ ಅದೇ ನಿಧಾನದ ಡಿಸ್ಕಿನಲ್ಲಿ ಇದ್ದಿದ್ದರೆ, ಸೇವೆ ನಿಂತ 18 ಗಂಟೆಗಳಲ್ಲಿ ಒಂದು ಗಂಟೆಯೂ ಕಡಿಮೆಯಾಗುತ್ತಿರಲಿಲ್ಲ. ವಾಲ್ ಸಂಗ್ರಹ ಇದ್ದಿದ್ದರೆ ಸೆಕೆಂಡರಿ ತನಗೆ ತಪ್ಪಿದ ಲಾಗುಗಳನ್ನು ಅಲ್ಲಿಂದಲೇ ತರಿಸಿಕೊಳ್ಳುತ್ತಿತ್ತು, ಅದರ ಕೋಶವನ್ನು ಅಳಿಸುವ ಅಗತ್ಯವೇ ಬರುತ್ತಿರಲಿಲ್ಲ. ಬಂದಿದ್ದರೂ ಸಂಜೆ 5 ಗಂಟೆ 20 ನಿಮಿಷದ ಸ್ನ್ಯಾಪ್‌ಶಾಟಿನ ಮೇಲೆ ಆ ಲಾಗುಗಳನ್ನು ಓಡಿಸಿ, ಅಳಿಸುವ ಆಜ್ಞೆಗೆ ಸ್ವಲ್ಪ ಮುಂಚಿನ ಕ್ಷಣದವರೆಗೂ ಡೇಟಾಬೇಸನ್ನು ತಂದು ನಿಲ್ಲಿಸಬಹುದಾಗಿತ್ತು.